ಅಪಘಾತ ಪರಿಹಾರದ ಕೇಸು: ಮೊದಲ ವಾರದ ಕಾಗದಗಳೇ ಮುಕ್ಕಾಲು ತೀರ್ಪು

ರಸ್ತೆ ಅಪಘಾತದಲ್ಲಿ ಕಾಲು ಮುರಿದುಕೊಂಡವರ ಮನೆಯಲ್ಲಿ ಕೋರ್ಟು, ವಕೀಲರು ಎಂಬ ಮಾತು ಬರುವ ಹೊತ್ತಿಗೆ ಎರಡು ಮೂರು ತಿಂಗಳು ಕಳೆದಿರುತ್ತದೆ. ಅಷ್ಟರಲ್ಲಿ ಕೇಸಿನ ಹಣೆಬರಹವನ್ನು ಇಬ್ಬರು ಬರೆದು ಮುಗಿಸಿರುತ್ತಾರೆ. ಒಬ್ಬರು ಕ್ಯಾಶುವಾಲ್ಟಿಯ ಡ್ಯೂಟಿ ಡಾಕ್ಟರು, ಇನ್ನೊಬ್ಬರು ಠಾಣೆಯ ರೈಟರು. ಒಳ್ಳೆಯ ವಕೀಲರು ಯಾರು ಎಂದು ಹುಡುಕುವುದಕ್ಕೂ ಮೊದಲು ಇವರಿಬ್ಬರೂ ಏನು ಬರೆದಿದ್ದಾರೆ ಎಂದು ನೋಡಬೇಕು.

ಆಸ್ಪತ್ರೆಯಿಂದಲೇ ಶುರುಮಾಡೋಣ. ಗಾಯಾಳುವನ್ನು ಆಟೋದಲ್ಲಿ ಹಾಕಿಕೊಂಡು ಬಂದ ಯಾರೋ ಪುಣ್ಯಾತ್ಮರು ಗಾಬರಿಯಲ್ಲಿ "ಬೈಕಿಂದ ಬಿದ್ಬಿಟ್ರು ಸಾರ್" ಅಂದಿರುತ್ತಾರೆ. ಡಾಕ್ಟರು ಅದನ್ನೇ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳ) ರಿಜಿಸ್ಟರಿನಲ್ಲಿ "ಬೈಕ್ ಸ್ಕಿಡ್ ಆಗಿ ಬಿದ್ದದ್ದು" ಎಂದು ಬರೆಯುತ್ತಾರೆ. ಎರಡು ವರ್ಷದ ನಂತರ ವಿಮಾ ಕಂಪನಿಯ ವಕೀಲರು ಆಸ್ಪತ್ರೆಯ ರೆಕಾರ್ಡ್ ವಿಭಾಗದವರಿಗೆ ಸಮನ್ಸ್ ಕೊಟ್ಟು ತರಿಸುವುದು ಈ ಒಂದು ಸಾಲನ್ನೇ. ಇನ್ನೊಂದು ವಾಹನವೇ ಇರಲಿಲ್ಲ, ಪರಿಹಾರದ ಆಸೆಗೆ ವಿಮೆ ಇರುವ ಕಾರೊಂದನ್ನು ತಂದು ಸೇರಿಸಿದ್ದಾರೆ ಎಂಬುದು ಅವರ ವಾದ. ಇದು ನಿಜವಾಗಿ ನಡೆದ ಪ್ರಕರಣಗಳೂ ಇರುವುದರಿಂದ ನ್ಯಾಯಾಧೀಶರು ಅನುಮಾನದಿಂದಲೇ ನೋಡುತ್ತಾರೆ. ಹಾಗಾಗಿ ಮನೆಯವರು ಆಸ್ಪತ್ರೆ ತಲುಪಿದ ಕೂಡಲೇ ಎಂಎಲ್‌ಸಿ ಆಗಿದೆಯೇ, ಅದರಲ್ಲಿ ಜಾಗ, ಸಮಯ, ಗುದ್ದಿದ ವಾಹನ, ಗೊತ್ತಿದ್ದರೆ ಅದರ ನಂಬರು ಬಂದಿದೆಯೇ ಎಂದು ಕೇಳಬೇಕು. ತಪ್ಪಿದ್ದರೆ ಬರೆದದ್ದನ್ನು ತಿದ್ದಿಸಲು ಹೋಗಬೇಡಿ, ತಿದ್ದಿದ ಹಾಳೆ ಮೂಲ ತಪ್ಪಿಗಿಂತ ಅಪಾಯ. ಗಾಯಾಳುವಿಗೆ ಎಚ್ಚರವಾದ ಮೇಲೆ ಅವರೇ ಹೇಳಿದ ವಿವರವನ್ನು ಕೇಸ್ ಶೀಟಿನಲ್ಲಿ ದಿನಾಂಕ ಸಹಿತ ಬೇರೆ ಟಿಪ್ಪಣಿಯಾಗಿ ಬರೆಯಲು ಡಾಕ್ಟರನ್ನು ಕೋರಿ. ಮೊದಲು ಮಾಹಿತಿ ಕೊಟ್ಟವರು ಅಪಘಾತ ನೋಡಿದವರಲ್ಲ ಎಂಬುದನ್ನು ಪೊಲೀಸ್ ದೂರಿನಲ್ಲೂ ಬರೆಸಿ.

ಅಡ್ವಾನ್ಸ್ ಕಟ್ಟಲು ಹಣ ಹೊಂದಿಸುವ ಮೊದಲು ಇನ್ನೊಂದನ್ನು ವಿಚಾರಿಸಿ. 2025ರ ಮೇನಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಅಪಘಾತದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ ನಿಗದಿತ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗಬೇಕು. ಆಸ್ಪತ್ರೆಯವರು ತಾವಾಗಿ ಹೇಳುತ್ತಾರೆಂದು ಕಾಯಬೇಡಿ.

ಠಾಣೆಯ ವಿಷಯ. "ಆಸ್ಪತ್ರೆ ಖರ್ಚೆಲ್ಲ ನಾವೇ ನೋಡ್ಕೋತೀವಿ, ಕೇಸು ಗೀಸು ಬೇಡ" ಎಂದು ಎದುರಿನವರು ಹೇಳುವುದು, ಆಪರೇಷನ್ ಬಿಲ್ಲು ಬಂದಾಗ ಫೋನ್ ತೆಗೆಯದಿರುವುದು, ಆಮೇಲೆ ಇಪ್ಪತ್ತು ದಿನ ತಡವಾಗಿ ಎಫ್‌ಐಆರ್ ಆಗುವುದು ತೀರಾ ಸಾಮಾನ್ಯ. ತಡವಾದ ಮಾತ್ರಕ್ಕೆ ಕೇಸು ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ತಡಕ್ಕೆ ಕಾರಣ ದೂರಿನಲ್ಲೇ ಇರಬೇಕು: ಐಸಿಯುನಲ್ಲಿದ್ದರು, ಜೊತೆಗೆ ಬೇರೆ ಯಾರೂ ಇರಲಿಲ್ಲ, ಎದುರಿನವರು ರಾಜಿ ಮಾತಾಡಿದ್ದರು, ಹೀಗೆ. ಸಾಕ್ಷಿ ಕಟ್ಟೆಯಲ್ಲಿ ಮೊದಲ ಸಲ ಹೇಳಿದರೆ ಅದು ಆಮೇಲೆ ಹೊಳೆದ ಕಥೆಯಂತೆ ಕೇಳಿಸುತ್ತದೆ. 2024ರ ಜುಲೈ 1ರ ನಂತರದ ಪ್ರಕರಣಗಳಿಗೆ ಭಾರತೀಯ ನ್ಯಾಯ ಸಂಹಿತೆ: ಅಜಾಗರೂಕ ಚಾಲನೆಗೆ ಕಲಂ 281, ಗಾಯಕ್ಕೆ 125ಎ, ಮೂಳೆ ಮುರಿತದಂಥ ತೀವ್ರ ಗಾಯಕ್ಕೆ 125ಬಿ. ಎಕ್ಸ್‌ರೇ ಬರುವ ಮೊದಲೇ ಎಫ್‌ಐಆರ್ ಆಗಿ 125ಎ ಮಾತ್ರ ಹಾಕಿದ್ದರೆ, ಗಾಯದ ಪ್ರಮಾಣಪತ್ರ ಠಾಣೆಗೆ ತಲುಪಿ ಚಾರ್ಜ್‌ಶೀಟಿನಲ್ಲಿ 125ಬಿ ಸೇರಿತೇ ಎಂದು ನೋಡಿಕೊಳ್ಳಿ.

ಸ್ಥಳ ಮಹಜರು ಮತ್ತು ಸ್ಕೆಚ್‌ಗೆ ಮನೆಯ ಒಬ್ಬರಾದರೂ ಹೋಗಿ ನಿಲ್ಲಬೇಕು. ರಸ್ತೆಯ ಅಗಲ ಎಷ್ಟು ಅಡಿ, ಡಿಕ್ಕಿಯಾದ ಬಿಂದು ಎಡ ಅಂಚಿನಿಂದ ಎಷ್ಟು ದೂರ ಎಂಬ ಎರಡು ಅಂಕಿಗಳು ಅಲ್ಲಿರುತ್ತವೆ. 30 ಅಡಿ ರಸ್ತೆಯಲ್ಲಿ ನಿಮ್ಮ ಎಡ ಅಂಚಿನಿಂದ 20 ಅಡಿಗೆ ಗುರುತು ಹಾಕಿದ್ದರೆ ನೀವು ಮಧ್ಯಗೆರೆ ದಾಟಿ ಎದುರಿನವರ ಕಡೆಗೆ ನುಗ್ಗಿದ್ದೀರಿ ಎಂದೇ ಅರ್ಥ. ಮೋಟಾರು ವಾಹನ ನಿರೀಕ್ಷಕರ ವರದಿಯೂ ಹಾಗೆಯೇ. ಹಿಂದಿನಿಂದ ಗುದ್ದಿದರು ಎಂದು ದೂರು ಕೊಟ್ಟು, ವರದಿಯಲ್ಲಿ ಬೈಕಿನ ಮುಂದಿನ ಫೋರ್ಕ್ ಬಾಗಿದೆ, ಹೆಡ್‌ಲೈಟ್ ಒಡೆದಿದೆ, ಹಿಂದಿನ ಮಡ್‌ಗಾರ್ಡಿಗೆ ಗೀರೂ ಇಲ್ಲ ಎಂದಿದ್ದರೆ ಪಾಟಿ ಸವಾಲಿನಲ್ಲಿ ಉತ್ತರವಿರುವುದಿಲ್ಲ. ಈ ತಪಾಸಣೆ ಮುಗಿಯುವ ತನಕ ಗಾಡಿಯನ್ನು ಗ್ಯಾರೇಜಿಗೆ ಬಿಡಬೇಡಿ. ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ. ಅಕಸ್ಮಾತ್ ಚಾರ್ಜ್‌ಶೀಟ್ ನಿಮ್ಮ ಮೇಲೆಯೇ ಆದರೆ, ಸಣ್ಣ ದಂಡ ಕಟ್ಟಿ ಮುಗಿಸೋಣ ಎಂದು ತಪ್ಪೊಪ್ಪಿಕೊಳ್ಳಬೇಡಿ. ಪರಿಹಾರದ ಕೇಸಿನಲ್ಲಿ ಆ ದಂಡದ ಬೆಲೆ ಲಕ್ಷಗಳಲ್ಲಿ.

ನಿಯಮದ ಪ್ರಕಾರ ಇದೆಲ್ಲ ಪೊಲೀಸರಿಂದ ನ್ಯಾಯಮಂಡಳಿಗೆ, ಅಂದರೆ ಅಪಘಾತ ಪರಿಹಾರ ತೀರ್ಮಾನಿಸುವ ಕೋರ್ಟಿಗೆ, ತಾನಾಗಿ ಹೋಗಬೇಕು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ 48 ಗಂಟೆಯಲ್ಲಿ ಪ್ರಥಮ ಅಪಘಾತ ವರದಿ, 50 ದಿನದಲ್ಲಿ ಮಧ್ಯಂತರ ವರದಿ, 90 ದಿನದಲ್ಲಿ ವಿಸ್ತೃತ ವರದಿ. ಗಾಯಾಳುವಿಗೆ 10 ದಿನದೊಳಗೆ ಹಕ್ಕುಗಳ ವಿವರವಿರುವ ನಮೂನೆ 2 ಕೊಡಬೇಕು; ಗಾಯಾಳು 60 ದಿನದೊಳಗೆ ನಮೂನೆ 6 ತುಂಬಿ ಕೊಡಬೇಕು. ತನಿಖಾಧಿಕಾರಿಯ ಬಳಿ ಈ ನಮೂನೆಗಳನ್ನು ಹೆಸರು ಹಿಡಿದು ಕೇಳಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಆದರೆ ಅದನ್ನೇ ನೆಚ್ಚಿ ಕೂರಬಾರದು. ಮೋಟಾರು ವಾಹನ ಕಾಯ್ದೆಯ ಕಲಂ 166ರ ಪರಿಹಾರದ ಅರ್ಜಿಗೆ ಈಗ 6 ತಿಂಗಳ ಗಡುವಿದೆ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿದ್ದು, ತಡವಾಯಿತೆಂದು ಕ್ಲೇಮುಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ಮಧ್ಯಂತರ ಆದೇಶ ಇವತ್ತಿದ್ದು ನಾಳೆ ಹೋಗಬಹುದು, ಆರು ತಿಂಗಳೊಳಗೇ ಹಾಕುವುದು ಕ್ಷೇಮ.

ಅರ್ಜಿಯನ್ನು ಅಪಘಾತ ನಡೆದ ಊರಲ್ಲೇ ಹಾಕಬೇಕೆಂದಿಲ್ಲ. ರಾಯಚೂರಿನವರಿಗೆ ಹಾಸನದ ಹತ್ತಿರ ಅಪಘಾತವಾದರೆ ರಾಯಚೂರಿನಲ್ಲೇ ಹಾಕಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ನ್ಯಾಯಮಂಡಳಿ. ಎಲ್ಲ ಕಡೆ ಕೇಸಿಗೆ ಎಂವಿಸಿ (ಮೋಟಾರು ವಾಹನ ಪ್ರಕರಣ) ನಂಬರು ಬೀಳುತ್ತದೆ. ಗುದ್ದಿದ ವಾಹನದ ವಿಮೆ ಯಾವ ಕಂಪನಿಯದು, ಎಲ್ಲಿಯವರೆಗೆ ಚಾಲ್ತಿ ಎಂಬುದು ಎಂಪರಿವಾಹನ್ ಆ್ಯಪಿನಲ್ಲಿ ಸಿಗುತ್ತದೆ. ಸಾರಿಗೆ ನಿಗಮದ ಬಸ್ಸಾದರೆ ನಿಗಮವೇ ಎದುರುದಾರ. ಗುದ್ದಿದವರು ಸಿಗದೇ ಹೋದರೆ ಕೋರ್ಟಲ್ಲ, ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿ: ಹಿಟ್ ಅಂಡ್ ರನ್ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ.

ಇನ್ನು ಲೆಕ್ಕ. ಎಲ್ಲರೂ ಕೇಳುವುದು "ಎಷ್ಟು ಬರುತ್ತೆ" ಅಂತ. ಆಸ್ಪತ್ರೆ ಬಿಲ್ಲು, ನೋವಿಗೆ, ಮಲಗಿದ್ದ ತಿಂಗಳುಗಳ ಸಂಬಳಕ್ಕೆ, ಆರೈಕೆ, ಓಡಾಟ, ಪೌಷ್ಟಿಕ ಆಹಾರಕ್ಕೆ ಬೇರೆ ಬೇರೆ ಮೊತ್ತ ಬರುತ್ತದೆ, ಸರಿ. ದೊಡ್ಡ ಮೊತ್ತ ನಿಂತಿರುವುದು ಮಾತ್ರ ಮುಂದಿನ ಗಳಿಕೆಯ ನಷ್ಟದ ಮೇಲೆ. 32 ವರ್ಷದ ಗಾರೆ ಕೆಲಸದವರೊಬ್ಬರ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದಿದೆ ಎಂದಿಟ್ಟುಕೊಳ್ಳಿ. ಡಾಕ್ಟರು ಆ ಕಾಲಿಗೆ 36% ವೈಕಲ್ಯ ಎನ್ನುತ್ತಾರೆ. ನಮ್ಮ ನ್ಯಾಯಮಂಡಳಿಗಳ ರೂಢಿಯಲ್ಲಿ ಅದರ ಮೂರನೇ ಒಂದು ಭಾಗ, ಅಂದರೆ 12%, ಇಡೀ ದೇಹಕ್ಕೆ. ತಿಂಗಳ ಆದಾಯ 15,000 ಎಂದು ಒಪ್ಪಿದರೆ ವರ್ಷಕ್ಕೆ 1,80,000. 31ರಿಂದ 35 ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಅಂಕಿ, 16. ಗುಣಿಸಿದರೆ 28,80,000, ಅದರ 12% ಅಂದರೆ 3,45,600 ರೂಪಾಯಿ.

ಇಲ್ಲೇ ಹೆಚ್ಚಿನವರು ಕಳೆದುಕೊಳ್ಳುವುದು. ಸುಪ್ರೀಂ ಕೋರ್ಟಿನ 2011ರ ರಾಜ್‌ಕುಮಾರ್ ತೀರ್ಪಿನ ಪ್ರಕಾರ ನೋಡಬೇಕಾದದ್ದು ದೇಹ ಎಷ್ಟು ಶೇಕಡ ಕೆಟ್ಟಿದೆ ಎಂಬುದನ್ನಲ್ಲ, ದುಡಿಮೆ ಎಷ್ಟು ಶೇಕಡ ಹೋಗಿದೆ ಎಂಬುದನ್ನು. ಎಡಗೈ ಕಳೆದುಕೊಂಡ ಡ್ರೈವರ್ ಅಥವಾ ಬಡಗಿಗೆ ನಷ್ಟ ನೂರಕ್ಕೆ ನೂರರ ಹತ್ತಿರ, ಅದೇ ಸರ್ಕಾರಿ ಗುಮಾಸ್ತರಿಗೆ ಕೆಲಸವೇ ಹೋಗದಿರಬಹುದು ಎಂದು ಕೋರ್ಟೇ ಉದಾಹರಣೆ ಕೊಟ್ಟಿದೆ. ಗಾರೆಯವರು ಕುಕ್ಕರಗಾಲಲ್ಲಿ ಕೂರಲಾರರು, ಸಾರುವೆ ಹತ್ತಲಾರರು, ಸಿಮೆಂಟ್ ಚೀಲ ಎತ್ತಲಾರರು ಎಂಬುದು ದಾಖಲೆಗೆ ಬಂದು ನ್ಯಾಯಮಂಡಳಿ 20% ಎಂದು ಒಪ್ಪಿದರೆ ಅದೇ ಲೆಕ್ಕ 5,76,000 ಆಗುತ್ತದೆ. ಆದಾಯ ಮುಂದೆ ಏರುತ್ತಿತ್ತು ಎಂಬುದಕ್ಕೆ 40 ವರ್ಷ ತುಂಬದ ಸ್ವಂತ ದುಡಿಮೆಯವರಿಗೆ 40% ಸೇರಿಸಿ ಕೇಳಲು ಅವಕಾಶವಿದೆ. ಗಾಯದ ಪ್ರಕರಣಗಳಿಗೂ ಇದು ಸಲ್ಲುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿಯಲ್ಲೇ ಬರೆಸಿ.

ಗಾಯದಿಂದ ಯಾವ ಕೆಲಸ ಮಾಡಲಾಗದು ಎಂಬುದನ್ನು ಹೇಳಬೇಕಾದವರು ಆಪರೇಷನ್ ಮಾಡಿದ ಡಾಕ್ಟರೇ. ಅವರು ಕೋರ್ಟಿಗೆ ಬರುವುದು ಕಷ್ಟ ಎಂದು ಬೇರೊಬ್ಬರಿಂದ ದೊಡ್ಡ ಅಂಕಿಯ ಸರ್ಟಿಫಿಕೇಟ್ ಮಾಡಿಸುವ ಚಾಳಿ ಇದೆ. ಚಿಕಿತ್ಸೆ ಕೊಡದವರ 50 ಶೇಕಡಕ್ಕಿಂತ ಕೊಟ್ಟವರ 30 ಶೇಕಡ ಗಟ್ಟಿಯಾಗಿ ನಿಲ್ಲುತ್ತದೆ. ತಪಾಸಣೆಗೆ ಹೊಸ ಎಕ್ಸ್‌ರೇ ಇರಲಿ. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ, ಕಾಲು ಎಷ್ಟು ಸೆಂಟಿಮೀಟರ್ ಗಿಡ್ಡವಾಗಿದೆ ಎಂಬುದು ಅಂಕಿಯಲ್ಲಿರಲಿ. "ಮೂಳೆ ಕೂಡಿಕೊಂಡಿದೆ ಅಲ್ಲವೇ ಡಾಕ್ಟರೇ?" ಎಂಬುದು ಪಾಟಿ ಸವಾಲಿನ ಖಾಯಂ ಪ್ರಶ್ನೆ. ಕೂಡಿದೆ, ಆದರೆ ಓರೆಯಾಗಿ ಕೂಡಿದೆ ಎಂಬುದು ವರದಿಯಲ್ಲಿ ಇಲ್ಲದಿದ್ದರೆ ಉತ್ತರ "ಹೌದು" ಎಂಬಲ್ಲಿಗೇ ನಿಲ್ಲುತ್ತದೆ. ಒಳಗೆ ರಾಡ್, ಪ್ಲೇಟ್ ಇದ್ದರೆ ತೆಗೆಸುವ ಖರ್ಚಿನ ಅಂದಾಜು ಪಟ್ಟಿಯನ್ನೂ ಅವರಿಂದಲೇ ಬರೆಸಿಕೊಳ್ಳಿ.

ಬಿಲ್ಲುಗಳು ಮೂಲ ಪ್ರತಿಯೇ ಆಗಬೇಕು, ಔಷಧದ ಬಿಲ್ಲಿಗೆ ಅದೇ ದಿನಾಂಕದ ಡಾಕ್ಟರ ಚೀಟಿ ಜೊತೆಗಿರಬೇಕು. ಶಾಖದ ಮುದ್ರಣದ ರಸೀದಿಗಳು ವರ್ಷದೊಳಗೆ ಬಿಳಿಚಿಕೊಳ್ಳುವುದರಿಂದ ಕೂಡಲೇ ಜೆರಾಕ್ಸ್ ಮಾಡಿಸಿ ಮೂಲದೊಂದಿಗೆ ಪಿನ್ ಹಾಕಿ. ಸಂಬಳದಾರರಿಗೆ ಸಂಬಳ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ರಜೆಯ ಪತ್ರ. ಕೂಲಿಯವರಿಗೆ ಪುರಾವೆ ಇಲ್ಲದಿದ್ದರೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ವರ್ಷವಾರು ಅಂದಾಜು ಆದಾಯದ ಪಟ್ಟಿಯನ್ನು ನ್ಯಾಯಾಲಯಗಳು ನೋಡುತ್ತವೆ. ಕಟ್ಟಡ ಕಾರ್ಮಿಕರ ಕಾರ್ಡು, ಯುಪಿಐನಲ್ಲಿ ಬಂದ ಕೂಲಿ ಇದ್ದರೆ ಅದಕ್ಕಿಂತ ಹೆಚ್ಚು ಕೇಳಲು ದಾರಿ.

ಹೆಲ್ಮೆಟ್ ಇರಲಿಲ್ಲ, ಮೂವರು ಕೂತಿದ್ದರು ಎಂದು ಕಡಿತ ಕೇಳುವುದು ಕಂಪನಿಗಳ ಅಭ್ಯಾಸ. ಹೆಲ್ಮೆಟ್ಟಿಗೂ ಕಾಲಿನ ಮುರಿತಕ್ಕೂ ಸಂಬಂಧವಿಲ್ಲ. ಮೂವರಿದ್ದರು ಎಂಬುದಷ್ಟೇ ನಿರ್ಲಕ್ಷ್ಯವಾಗದು, ಅದರಿಂದಲೇ ಅಪಘಾತವಾಯಿತೆಂದು ತೋರಿಸಬೇಕು ಎಂದು 2020ರ ಇನ್ನೊಂದು ತೀರ್ಪು ಹೇಳುತ್ತದೆ.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಮೇಲ್ಮನವಿ ಇಲ್ಲ. ಹಾಗಾಗಿ ಚಿಕಿತ್ಸೆ ಮುಗಿದು ಡಾಕ್ಟರ ಅಂಕಿ ಕೈಗೆ ಬರುವ ಮೊದಲು ಸಹಿ ಹಾಕಬೇಡಿ. ತೀರ್ಪಾದರೆ ಹೈಕೋರ್ಟಿಗೆ ಹೋಗಲು 90 ದಿನ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ.

ವಕೀಲರ ಫೀಸು ಮೊದಲೇ ಮಾತಾಡಿ ಬರಹದಲ್ಲಿ ಇಟ್ಟುಕೊಳ್ಳಿ. ಬಂದ ಹಣದಲ್ಲಿ ಇಷ್ಟು ಪಾಲು ಎಂಬ ಕರಾರನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿವೆ. ಆಸ್ಪತ್ರೆಯ ವಾರ್ಡಿಗೇ ಬಂದು ಖಾಲಿ ವಕಾಲತ್ತಿಗೆ ಸಹಿ ಕೇಳುವವರನ್ನು ಬಾಗಿಲಲ್ಲೇ ಕಳಿಸಿ. ಇ-ಕೋರ್ಟ್ಸ್ ತಾಣದಲ್ಲಿ ನಿಮ್ಮ ಕೇಸಿನ 16 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಸಿಎನ್‌ಆರ್, ಹಾಕಿದರೆ ಮುಂದಿನ ದಿನಾಂಕ, ಹಿಂದಿನ ಆದೇಶ ಎರಡೂ ನಿಮ್ಮ ಮೊಬೈಲಿನಲ್ಲೇ ಕಾಣುತ್ತವೆ. ಕ್ಲೇಮಿನ ಬ್ಯಾಂಕ್ ಖಾತೆ ಗಾಯಾಳುವಿನ ಹೆಸರಲ್ಲೇ ಇರಲಿ, ಪಾಸ್‌ಬುಕ್ಕೂ ಚೆಕ್‌ಬುಕ್ಕೂ ಮನೆಯಲ್ಲೇ ಇರಲಿ. ಪರಿಹಾರದ ಒಂದು ಭಾಗವನ್ನು ನ್ಯಾಯಮಂಡಳಿ ಠೇವಣಿ ಇಡಿಸಿದ್ದು ಮತ್ತೊಂದು ಆಪರೇಷನ್‌ಗೆ ಹಣ ಬೇಕಾದರೆ, ಆಸ್ಪತ್ರೆಯ ಅಂದಾಜು ಪಟ್ಟಿ ಲಗತ್ತಿಸಿ ಅವಧಿಗೆ ಮೊದಲೇ ಬಿಡುಗಡೆ ಕೋರಿ ಅದೇ ಎಂವಿಸಿ ನಂಬರಿನಲ್ಲಿ ಅರ್ಜಿ ಹಾಕಬಹುದು.