ಮೆಕಾಂಗ್‌ನ ದೈತ್ಯ ತೊರಕೆ

ಆಂಗ್ಕೋರ್ ದೇಗುಲಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ, ಅದನ್ನು ಇಲ್ಲಿ ಬಿಡುತ್ತೇನೆ. ಕಾಂಬೋಡಿಯಾದಲ್ಲಿ ನನ್ನ ಮನಸ್ಸು ನಾಟಿದ್ದು ಉತ್ತರದ ಸ್ಟುಂಗ್ ತ್ರೆಂಗ್‌ನಲ್ಲಿ, ಸೆಕಾಂಗ್ ನದಿ ಮೆಕಾಂಗನ್ನು ಕೂಡುವ ಊರಿನಲ್ಲಿ.

ಕರಾವಳಿಯಲ್ಲಿ ಬೆಳೆದ ನನಗೆ ತೊರಕೆ (ಸ್ಟಿಂಗ್‌ರೇ) ಎಂದರೆ ಚಪ್ಪಟೆ ಮೈಯ ಕಡಲಿನ ಮೀನು. ಇಲ್ಲಿ ಕಡಲು ನೂರಾರು ಕಿಲೋಮೀಟರ್ ದೂರ. ಆದರೂ 2022ರ ಜೂನ್‌ನಲ್ಲಿ ಕೋ ಪ್ರೇಹ್ ದ್ವೀಪದ ಬಳಿ ಗಾಳಕ್ಕೆ ಸಿಕ್ಕ ಹೆಣ್ಣು ತೊರಕೆ 300 ಕಿಲೋ ತೂಗಿತು. ಬಾಲವೂ ಸೇರಿ ಉದ್ದ 3.98 ಮೀಟರ್. ಸಿಹಿನೀರಿನ ಅತಿ ಭಾರದ ಮೀನು ಎಂದು 2005ರಲ್ಲಿ ಥಾಯ್ಲೆಂಡಿನಲ್ಲಿ ಸಿಕ್ಕ 293 ಕಿಲೋದ ಕ್ಯಾಟ್‌ಫಿಶ್ ಮಾಡಿದ್ದ ದಾಖಲೆ ಮುರಿಯಿತು. ಹುಣ್ಣಿಮೆ ಎಂಬರ್ಥದ ‘ಬೊರಮಿ’ ಎಂದು ಹೆಸರಿಟ್ಟು, ಬಾಲದ ಬಳಿ ಟ್ಯಾಗ್ ಹಾಕಿ ನದಿಗೇ ಬಿಟ್ಟರು.

ಆ ದ್ವೀಪದತ್ತ ಹೋಗಲು ದೋಣಿ ಗೊತ್ತುಮಾಡುವಾಗಲೇ ತಕರಾರು. ಹಣ ಬದಲಿಸುವ ಅಂಗಡಿಯವನು ನನಗೆ ಅಂಚು ಹರಿದ ಡಾಲರ್ ನೋಟು ಕೊಟ್ಟಿದ್ದ. ಇಡೀ ಊರಿನಲ್ಲಿ ಅದನ್ನು ಯಾರೂ ಮುಟ್ಟಲಿಲ್ಲ. ಕಾಂಬೋಡಿಯಾಕ್ಕೆ ಹೋಗುವವರು ಪ್ರತಿ ನೋಟನ್ನೂ ಬೆಳಕಿಗೆ ಹಿಡಿದು ನೋಡಿಯೇ ತೆಗೆದುಕೊಳ್ಳಿ.

ದೋಣಿಯವರು ಹಿರಿಯ ಮೀನುಗಾರರು. ಜೊತೆಗಿದ್ದ ಹುಡುಗ ಇಂಗ್ಲಿಷಿನಲ್ಲಿ ಮಾತು ದಾಟಿಸುತ್ತಿದ್ದ. ತೊರಕೆ ಗಾಳಕ್ಕೆ ಬಿದ್ದರೆ ಓಡುವುದಿಲ್ಲವಂತೆ, ತಳಕ್ಕೆ ಅಂಟಿ ಕೂರುತ್ತದಂತೆ. ಅದನ್ನು ತೋರಿಸಲು ಅಂಗೈಯನ್ನು ದೋಣಿಯ ಹಲಗೆಗೆ ಒತ್ತಿ ಹಿಡಿದರು. ಬಾಯಿ ಹೊಟ್ಟೆಯ ಕಡೆಗಿರುವ ಜೀವಿ, ಕೆಸರಲ್ಲಿ ಮಲಗಿ ಉಸಿರಾಡುವುದು ಹೇಗೆ? ಕಣ್ಣಿನ ಹಿಂದಿನ ರಂಧ್ರಗಳಿಂದ ನೀರೆಳೆದು ಕಿವಿರಿಗೆ ಕಳಿಸುತ್ತದೆ. ಬಾಲದ ವಿಷಮುಳ್ಳು 38 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ತೊರಕೆಗಳಲ್ಲೆಲ್ಲ ಇದೇ ಅತಿ ಉದ್ದದ ಮುಳ್ಳು. ‘ಮೊದಲು ಮುಳ್ಳಿಗೆ ಬಟ್ಟೆ ಸುತ್ತಬೇಕು’ ಎಂದರು. ಮೊಟ್ಟೆಯಿಡದೆ ಮರಿ ಹಾಕುವ ಮೀನು ಇದು, ಒಂದು ಸಲಕ್ಕೆ ನಾಲ್ಕರೊಳಗೆ. ಅಳಿವಿನಂಚಿಗೆ ಬಂದ ಬಳಿಕ ಚೇತರಿಕೆ ಇಷ್ಟು ನಿಧಾನವಾಗಲು ಅದೂ ಕಾರಣ.

ನಾನು ಅವರಿಗೆ ಈ ಮೀನಿನ ವೈಜ್ಞಾನಿಕ ಹೆಸರಿನ ಕತೆ ಹೇಳಿದೆ. 1852ರಲ್ಲಿ ಬ್ಲೀಕರ್ ಎಂಬ ಡಚ್ಚರ ವೈದ್ಯ ಜಕಾರ್ತಾದಲ್ಲಿ ಸಿಕ್ಕ, ಬರೀ 30 ಸೆಂಟಿಮೀಟರ್ ಅಗಲದ ಮರಿಯನ್ನು ನೋಡಿ ‘ಟ್ರೈಗಾನ್ ಪಾಲಿಲೆಪಿಸ್’ ಎಂದು ಹೆಸರಿಟ್ಟ. ಅದು ಮೂಲೆ ಸೇರಿತು. 1990ರಲ್ಲಿ ಥಾಯ್ಲೆಂಡಿನ ಚಾವ್ ಫ್ರಾಯಾ ನದಿಯ ದೈತ್ಯನಿಗೆ ಹೊಸ ಪ್ರಭೇದವೆಂದು ‘ಹಿಮಾಂಟುರಾ ಚಾವ್‌ಫ್ರಾಯಾ’ ಎಂಬ ಹೆಸರು ಬಂತು. ಎರಡೂ ಒಂದೇ ಎಂದು ತಿಳಿದದ್ದು 2008ರಲ್ಲಿ. ಹಳೆಯ ಹೆಸರಿನ ಉತ್ತರಾರ್ಧ ಗೆದ್ದಿತು. 2016ರಲ್ಲಿ ಕುಲವೂ ಬದಲಾಗಿ ‘ಯುರೋಜಿಮ್ನಸ್ ಪಾಲಿಲೆಪಿಸ್’ ಆಯಿತು.

ಹಿರಿಯರು ಕೇಳಿದರು: ‘ಮರಿ ಕಂಡವರು ತಾಯಿಯನ್ನು ಯಾಕೆ ಹುಡುಕಲಿಲ್ಲ?’

ನಾನು ನೀರು ತೋರಿಸಿದೆ. ಇದೇ ನದಿಯ ಕೆಲವು ಮಡುಗಳು ಸುಮಾರು 80 ಮೀಟರ್ ಆಳ. ಅವರಿಗೆ ಆ ಉತ್ತರ ಸಾಲಲಿಲ್ಲ. ‘ನಮ್ಮನ್ನು ಕೇಳಬಹುದಿತ್ತು’ ಎಂದರು. ಈಗ ಕೇಳುತ್ತಿದ್ದಾರೆ. ಬೊರಮಿ ಸಿಕ್ಕಾಗ ಸಂಶೋಧಕರಿಗೆ ಸುದ್ದಿ ಮುಟ್ಟಿಸಿದವರು ಮೀನುಗಾರರೇ, ಮಾರುಕಟ್ಟೆ ದರದ ಹಣವೂ ಹಿಡಿದವನ ಕೈಸೇರಿತು.