ಮೊದಲು ತಗಡು, ಆಮೇಲೆ ಇಂಜಿನ್

ಶನಿವಾರ, 16 ನವೆಂಬರ್ 2024
ಟ್ರಾಯ್, ಮಿಷಿಗನ್

ಇವತ್ತು ನಮ್ಮ ಹಳೇ ಕಾರು ಜಿಟಿಓದ ಹಿಂದಿನ ಗಾಜು ಬಿಚ್ಚಿದೆವು. ಗಾಜಿನ ಕೆಳಗಿನ ತಗಡು ಅರ್ಧಕ್ಕರ್ಧ ಹೋಗಿದೆ. ಹೀಗಿರುತ್ತದೆ ಅಂತ ಗೊತ್ತಿತ್ತು. ಆದರೂ ಕಣ್ಣಾರೆ ನೋಡಿದಾಗ ಹೊಟ್ಟೆ ಉರಿಯಿತು.

ಗಾಡಿ 1968ರ ಪಾಂಟಿಯಾಕ್, ಜನರಲ್ ಮೋಟಾರ್ಸ್ ಕಂಪನಿಯ ಒಂದು ಬ್ರ್ಯಾಂಡ್. ಮೊದಲ ಸಲ ನೋಡಲು ಹೋದಾಗ ಬಣ್ಣ ಫಳಫಳ ಹೊಳೆಯುತ್ತಿತ್ತು. ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೈಮೇಲೆಲ್ಲ ಆಡಿಸಿದೆ. ಬಾಗಿಲ ಮೇಲೆ ಗಪ್ಪನೆ ಕಚ್ಚಿಕೊಂಡಿತು. ಹಿಂದಿನ ಗಾಜಿನ ಕೆಳಮೂಲೆಗೆ ಬಂದರೆ ಸರ್ರನೆ ಜಾರಿತು. ಅಲ್ಲಿ ತಗಡೇ ಇರಲಿಲ್ಲ, ಬರೀ ಪುಟ್ಟಿ. ಅದನ್ನು ತೋರಿಸಿ ಬೆಲೆ ಇಳಿಸಿಯೇ ತಗೊಂಡೆ. ಈ ಕಾಲದ ಕಾರು ನೋಡಲು ಹೋಗುವವರು ದಯವಿಟ್ಟು ಬಾನೆಟ್ ಎತ್ತುವ ಮೊದಲು ಈ ಮೂಲೆ ನೋಡಿ.

ಅಲ್ಲೇ ಯಾಕೆ ತುಕ್ಕು? ಗಾಜಿನ ಸುತ್ತ ತಗಡಿನಲ್ಲಿ ಒಂದು ತಗ್ಗು ಇರುತ್ತದೆ. ಆ ತಗ್ಗಿನ ಉದ್ದಕ್ಕೂ ಮೊಳೆಯಂಥ ಸಣ್ಣ ಸಣ್ಣ ಸ್ಟಡ್‌ಗಳನ್ನು ವೆಲ್ಡ್ ಮಾಡಿರುತ್ತಾರೆ. ಸ್ಟಡ್‌ಗೆ ಕ್ಲಿಪ್, ಕ್ಲಿಪ್‌ಗೆ ಸ್ಟೀಲ್ ಪಟ್ಟಿ. ಹೊರಗಿನಿಂದ ನೋಡಿದರೆ ಹೊಳೆಯುವ ಪಟ್ಟಿ ಮಾತ್ರ ಕಾಣುತ್ತದೆ. ಮಳೆ ನೀರು ಪಟ್ಟಿಯ ಕೆಳಗೆ ಇಳಿದು ನಿಲ್ಲುತ್ತದೆ. ಎಲೆ, ಧೂಳು ಸೇರಿದರೆ ಒಣಗುವುದೇ ಇಲ್ಲ. ಸ್ಟಡ್ ಬುಡದಲ್ಲಿ ಬಣ್ಣ ಮೊದಲೇ ತೆಳ್ಳಗೆ, ಕ್ಲಿಪ್ ಉಜ್ಜಿ ಅದೂ ಹೋಗಿರುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ. ತೂತು ಬಿದ್ದ ಮೇಲೆ ನೀರು ನೇರ ಡಿಕ್ಕಿಗೆ. ಆಗ ಡಿಕ್ಕಿಯ ನೆಲವೂ ಹೋಗುತ್ತದೆ.

ನಮ್ಮ ಗಾಡಿಗೆ ಮೇಲಿಂದ ವಿನೈಲ್ ಟಾಪ್ ಬೇರೆ, ಅಂದರೆ ರೂಫ್ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹೊದಿಕೆ. ಪಾಂಟಿಯಾಕ್‌ನವರು ಅದನ್ನು ಕಾರ್ಡೋವಾ ಟಾಪ್ ಅಂತ ಮಾರುತ್ತಿದ್ದರು. ನೋಡಲು ಬಲು ಚೆಂದ. ಆದರೆ ಅಂಚು ಎದ್ದರೆ ಸಾಕು, ಒಳಗೆ ಹೋದ ತೇವ ಹೊರಗೆ ಬರುವುದಿಲ್ಲ.

ಗಾಜು ಬಿಚ್ಚುವುದು ಇಬ್ಬರ ಕೆಲಸ. ಮೊದಲು ಪಟ್ಟಿಗಳನ್ನು ಕೊಕ್ಕೆ ಹಾಕಿ ಬಾಗದಂತೆ ಎಬ್ಬಿಸಬೇಕು. ಆಮೇಲೆ ಕಪ್ಪು ಅಂಟಿನೊಳಗೆ ಸಣ್ಣ ಉಕ್ಕಿನ ತಂತಿ ತೂರಿಸಿ, ಒಬ್ಬರು ಒಳಗೆ, ಒಬ್ಬರು ಹೊರಗೆ ಕೂತು ಗರಗಸ ಆಡಿಸಿದಂತೆ ಎಳೆಯಬೇಕು. ಹೆಂಡತಿ ಒಳಗೆ ಕೂತಳು. ಹಿಂದಿನ ಗಾಜು ಟೆಂಪರ್ ಮಾಡಿದ್ದು. ಅಂಚಿಗೆ ಏಟು ಬಿದ್ದರೆ ಪೂರ್ತಿ ಚೂರು ಚೂರು. ಅವಳ ಕೈ ನನ್ನ ಕೈಗಿಂತ ನಿಧಾನ, ಅದಕ್ಕೇ ಗಾಜು ಇಡಿಯಾಗಿ ಬಂತು. ತಗ್ಗಿನೊಳಗೆ ಸ್ಕ್ರೂಡ್ರೈವರ್ ತುದಿ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿಯಿತು. ಕೆಳಗಿನ ಅಂಚಿನಲ್ಲಿ ಸ್ಟಡ್‌ಗಳೇ ಉಳಿದಿಲ್ಲ. ಆ ಜಾಗದಲ್ಲಿ ಯಾರೋ ಪುಟ್ಟಿ ತುಂಬಿ, ಪಟ್ಟಿಯನ್ನು ಅಂಟಿನಲ್ಲೇ ಕೂರಿಸಿದ್ದರು. ಇಂಥ ಕೆಲಸ ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಪುಟ್ಟಿ ಹಾಕುವುದು ತಪ್ಪಲ್ಲ. ತಗಡು ಸರಿ ಮಾಡಿದ ಮೇಲೆ ಉಳಿದ ಸಣ್ಣ ಏರುತಗ್ಗಿಗೆ ಹಾಕಬೇಕು. ತೂತು ಮುಚ್ಚಲು ಅಲ್ಲ.

ಗೆಳೆಯರೆಲ್ಲ ಕೇಳುವುದು ಇಂಜಿನ್ ಬಗ್ಗೆ. ಕೇಳಲೇಬೇಕು, ಅಂಥ ಇಂಜಿನ್ ಅದು. 1964ರಲ್ಲಿ ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಇಂಜಿನ್ ಹಾಕಬಾರದು ಅಂತ ಜನರಲ್ ಮೋಟಾರ್ಸ್‌ನ ನಿಯಮವಿತ್ತು. ಜಾನ್ ಡೆಲೋರಿಯನ್ ಆಗ ಪಾಂಟಿಯಾಕ್‌ನ ಚೀಫ್ ಇಂಜಿನಿಯರ್. ಅವರ ತಂಡ ದೊಡ್ಡ ಕಾರಿನ 389 ಘನ ಅಂಗುಲದ ಇಂಜಿನ್ನನ್ನು ಟೆಂಪೆಸ್ಟ್ ಲಮಾನ್ಸ್ ಅನ್ನುವ ಮಧ್ಯಮ ಗಾತ್ರದ ಕಾರಿಗೆ ಹಾಕಿತು. ಹೊಸ ಮಾಡೆಲ್ ಅನ್ನಲಿಲ್ಲ, ಬೇಕಾದವರು ಕೇಳಿ ಹಾಕಿಸಿಕೊಳ್ಳುವ ಆಪ್ಷನ್ ಅಂದರು. ಹಾಗೆ ಹುಟ್ಟಿದ್ದು ಜಿಟಿಓ. 1968ರ ಹೊತ್ತಿಗೆ ಅದರ ಇಂಜಿನ್ 400 ಘನ ಅಂಗುಲ ಆಗಿತ್ತು, ಅಂದರೆ 6.6 ಲೀಟರ್, 350 ಅಶ್ವಶಕ್ತಿ. ಮುಂದಿನ ಬಂಪರ್ ಕ್ರೋಮ್ ಅಲ್ಲ, ಬಾಡಿ ಬಣ್ಣದ್ದೇ, ರಬ್ಬರಿನ ಹಾಗೆ ಬಾಗುವ ಎಂಡ್ಯೂರಾ ಬಂಪರ್. ಮೋಟರ್ ಟ್ರೆಂಡ್ ಪತ್ರಿಕೆ ಆ ವರ್ಷದ ಕಾರು ಅಂತ ಆರಿಸಿದ್ದು ಇದನ್ನೇ.

ಆದರೆ ಇಂಜಿನ್ ಯಾವಾಗ ಬೇಕಾದರೂ ಬಿಚ್ಚಿ ಮಾಡಬಹುದು. ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲ ಇವತ್ತಿಗೂ ಹೊಸದಾಗಿ ಸಿಗುತ್ತವೆ. ಗಾಡಿ ಅಂದರೆ ಅದರ ಬಾಡಿ. ಗಾಡಿಯ ಗುರುತೂ ಅದರ ಮೇಲೆಯೇ: ಸೀರಿಯಲ್ ನಂಬರ್ 242ರಿಂದ ಶುರುವಾಗುತ್ತದೆ. 2 ಅಂದರೆ ಪಾಂಟಿಯಾಕ್, 42 ಅಂದರೆ ಜಿಟಿಓ. ನಡುವೆ ಒಂದು ಪಿ ಇದೆ, ಅದು ಪಾಂಟಿಯಾಕ್ ಊರಿನ ಕಾರ್ಖಾನೆ. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ ಅಷ್ಟೇ. ಡೆಟ್ರಾಯಿಟ್‌ನಿಂದ ಆ ಊರಿಗೆ ಹೋಗುವ ವುಡ್‌ವರ್ಡ್ ಅವೆನ್ಯೂ ಮೇಲೆಯೇ ಅರವತ್ತರ ದಶಕದ ಹುಡುಗರು ಒಂದು ಸಿಗ್ನಲ್‌ನಿಂದ ಇನ್ನೊಂದು ಸಿಗ್ನಲ್‌ವರೆಗೆ ರೇಸ್ ಬಿಡುತ್ತಿದ್ದರು. 1995ರಿಂದ ಆಗಸ್ಟ್‌ನಲ್ಲಿ ಅದೇ ರಸ್ತೆಯಲ್ಲಿ ಡ್ರೀಮ್ ಕ್ರೂಸ್ ಅನ್ನುವ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ. ಪಾಂಟಿಯಾಕ್ ಅನ್ನುವ ಬ್ರ್ಯಾಂಡೇ 2010ರಲ್ಲಿ ಮುಚ್ಚಿಹೋಯಿತು. ಇನ್ನು ಹೊಸದು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬೇಕು, ಅಲ್ವಾ?

ಸಂಜೆ ಹಿಂದಿನ ಸೀಟಿನ ಬೆನ್ನು ತೆಗೆದಾಗ ಅದರ ಹಿಂದಿನ ತಗಡಿನ ಮೇಲೆ ಹಳದಿ ಕ್ರೇಯಾನ್ ಗುರುತು ಕಾಣಿಸಿತು. ಅವಸರದಲ್ಲಿ ಗೀಚಿದ ಎರಡು ಅಂಕಿ, ಪಕ್ಕದಲ್ಲಿ ಒಂದು ಅಡ್ಡಗೆರೆ. ಕೊನೆಯ ಅಂಕಿಯ ಬಾಲದಲ್ಲಿ ಕ್ರೇಯಾನ್ ಮುರಿದು ಚೂರು ಅಂಟಿಕೊಂಡಿದೆ. ನಮ್ಮ ಬೀದಿಯ ಒಬ್ಬ ಹಿರಿಯರು ಆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕರೆದು ತೋರಿಸಿದೆ. ಲೈನ್‌ನಲ್ಲಿ ಮುಂದೆ ನಿಂತವನಿಗೆ ಯಾವ ಸಾಮಾನು ಹಾಕಬೇಕು ಅಂತ ತಿಳಿಸಲು ಹೀಗೆ ಬರೆಯುತ್ತಿದ್ದರಂತೆ. ಅಂಕಿಯ ಅರ್ಥ ಅವರಿಗೂ ತಿಳಿಯಲಿಲ್ಲ, ಆದರೆ ಬಹಳ ಹೊತ್ತು ಬಗ್ಗಿ ನೋಡುತ್ತಿದ್ದರು. ಆ ಜಾಗಕ್ಕೆ ಬಣ್ಣ ಹೊಡೆಯುವುದಿಲ್ಲ. ಟೇಪ್ ಹಚ್ಚಿ ಮುಚ್ಚಿಟ್ಟಿದ್ದೇನೆ.

ಮುಂದಿನ ಕೆಲಸ ಹೀಗೆ. ಗಾಜಿಗೂ ಡಿಕ್ಕಿ ಬಾಗಿಲಿಗೂ ನಡುವಿನ ತಗಡನ್ನು ಇಲ್ಲಿ ಡಚ್‌ಮನ್ ಪ್ಯಾನೆಲ್ ಅನ್ನುತ್ತಾರೆ. ಹೊಸದು ಸಿಗುತ್ತದೆ, ತರಿಸಿದ್ದೇನೆ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅಂಚಿಗೆ ಅಂಚು ಕೂರಿಸಿ ಮಿಗ್ ವೆಲ್ಡಿಂಗ್, ಅಂದರೆ ಗ್ಯಾಸ್ ಬಿಡುತ್ತಾ ತಂತಿ ಕರಗಿಸಿ ಬೆಸೆಯುವುದು. ತಂತಿ 0.6 ಮಿ.ಮೀ., ಗ್ಯಾಸ್ 75 ಭಾಗ ಆರ್ಗಾನ್, 25 ಭಾಗ ಕಾರ್ಬನ್ ಡೈಆಕ್ಸೈಡ್. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ತಗಡು ಸೊಟ್ಟಗಾಗುತ್ತದೆ. ಈ ತುದಿಗೊಂದು ಚುಕ್ಕೆ, ಆ ತುದಿಗೊಂದು ಚುಕ್ಕೆ, ಕೈಯಿಟ್ಟರೆ ತಡೆಯುವಷ್ಟು ಆರಿದ ಮೇಲೆ ಇನ್ನೊಂದು. ರೂಫ್ ಮತ್ತು ಪಕ್ಕದ ತಗಡು ಸೇರುವ ಕಡೆ ಕಾರ್ಖಾನೆಯವರು ಸೀಸ ತುಂಬಿದ್ದಾರೆ. ಅದನ್ನು ಗ್ರೈಂಡರ್‌ನಲ್ಲಿ ಉಜ್ಜಬಾರದು, ಸೀಸದ ಧೂಳು ವಿಷ. ಮಗಳು ಗ್ಯಾರೇಜಿಗೆ ಓಡಾಡುವ ಮನೆಯಲ್ಲಿ ಈ ವಿಷಯದಲ್ಲಿ ಉದಾಸೀನ ಸಲ್ಲದು. ಪೆಟ್ರೋಲ್ ಟ್ಯಾಂಕ್ ಆಗಲೇ ಇಳಿಸಿ ದೂರ ಇಟ್ಟಾಗಿದೆ.

ಬಣ್ಣಕ್ಕಿಂತ ಮೊದಲು ಹಚ್ಚುವ ಎಪಾಕ್ಸಿ ಪ್ರೈಮರ್‌ಗೆ ಚಳಿಯೇ ತೊಂದರೆ. ತಗಡು 15 ಡಿಗ್ರಿಗಿಂತ ತಣ್ಣಗಿದ್ದರೆ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಮೊದಲು ಗ್ಯಾರೇಜ್ ಬಾಗಿಲ ಸಂದು ಮುಚ್ಚಬೇಕು.

ಮಗಳ ಜೊತೆ ಒಂದು ವಾದ ನಡೆಯಿತು. "ಅಪ್ಪ, ವಿನೈಲ್ ಟಾಪ್ ಬೇಡ. ಮತ್ತೆ ತುಕ್ಕು ಹಿಡಿಯುತ್ತೆ. ಪೂರ್ತಿ ಹಸಿರೇ ಇರಲಿ" ಅಂದಳು. ಅವಳ ಮಾತಿನಲ್ಲಿ ಅರ್ಥವಿದೆ. ಆದರೆ ಗಾಡಿಯ ಮೂಲ ಬಿಲ್ಲಿನ ಪ್ರತಿಯಲ್ಲಿ ವರ್ಡೋರೋ ಗ್ರೀನ್ ಬಣ್ಣ, ಕಪ್ಪು ಕಾರ್ಡೋವಾ ಟಾಪ್ ಅಂತ ಸ್ಪಷ್ಟವಾಗಿದೆ. ಯಾರೋ ಒಬ್ಬರು 1968ರಲ್ಲಿ ಆಸೆಪಟ್ಟು ಹಾಗೆ ಆರಿಸಿದ್ದಾರೆ. ನಾನು ಅದನ್ನು ತೆಗೆಯಲಾರೆ. ರೂಫ್‌ಗೆ ಪೂರ್ತಿ ಎಪಾಕ್ಸಿ ಕುಡಿಸಿ, ಕೀಲುಗಳಿಗೆಲ್ಲ ಸೀಲರ್ ಹಚ್ಚಿ, ಆಮೇಲೆ ವಿನೈಲ್ ಹಾಕುವುದು ಅಂತ ತೀರ್ಮಾನ. ಮಗಳು ಒಪ್ಪಿದಳು, ಒಂದು ಷರತ್ತಿನ ಮೇಲೆ: ಗಾಜು ಕೂರಿಸಿದ ಮೇಲೆ ಪೈಪ್‌ನಲ್ಲಿ ನೀರು ಬಿಡುವವಳು ಅವಳೇ. ಡಿಕ್ಕಿಯೊಳಗೆ ಒಂದು ಹನಿ ಕಂಡರೂ ಮತ್ತೆ ಬಿಚ್ಚಬೇಕಂತೆ.

ಮುಂದಿನ ಶನಿವಾರ ವೆಲ್ಡಿಂಗ್. ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡದವರು ಯಾರಿಗಾದರೂ ಕಲಿಯುವ ಮನಸ್ಸಿದ್ದರೆ ಬನ್ನಿ, ಇನ್ನೊಂದು ಹೆಲ್ಮೆಟ್ ಇದೆ. ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ. ನೈಲಾನ್ ಜಾಕೆಟ್ ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ.