ಮಧ್ಯರಾತ್ರಿಯ ಬಿಸಿಲಲ್ಲಿ ಯೊಯ್ಕ್

ನಾರ್ವೆಗೆ ಹೋದವರೆಲ್ಲ ನೀರು-ಬೆಟ್ಟದ ಫೋಟೊ ಹಾಕುತ್ತಾರೆ. ನನ್ನ ಹತ್ತಿರವೂ ಇವೆ, ಬಿಡಿ. ಆದರೆ ಜುಲೈಯಲ್ಲಿ ನಾನು ಉತ್ತರದ ಟ್ರೊಮ್ಸೊ ನಗರ ದಾಟಿ, ಎರಡು ಕಡೆ ಕಾರನ್ನೇ ಫೆರ್ರಿಗೆ ಹತ್ತಿಸಿ, ಒಂದು ಫೆರ್ರಿ ಕಣ್ಣೆದುರೇ ತಪ್ಪಿಸಿಕೊಂಡು ಜಿಟಿಜಿಟಿ ಮಳೆಯಲ್ಲಿ ಕಾದು, ಮಾಂಡಾಲೆನ್ ಎಂಬ ಕಣಿವೆ ಮುಟ್ಟಿದ್ದು ಹಾಡು ಕೇಳಲು. ಅಲ್ಲಿ ಪ್ರತಿ ವರ್ಷ ರಿದ್ದು ರಿದ್ದು ಉತ್ಸವ ನಡೆಯುತ್ತದೆ. ಉತ್ತರ ನಾರ್ವೆಯ ಮೂಲನಿವಾಸಿಗಳಾದ ಸಾಮಿ ಜನರ ಭಾಷೆಯಲ್ಲಿ ಹಾಗಂದರೆ ಕರಾವಳಿಯ ಸಣ್ಣ ಬಿರುಗಾಳಿ.

ಸಾಮಿಗಳೆಂದರೆ ಹಿಮಸಾರಂಗ ಮೇಯಿಸುವವರು ಅಂತಷ್ಟೇ ನನಗೆ ಗೊತ್ತಿತ್ತು. ಈ ಕಡೆಯವರು ಕಡಲ ಸಾಮಿಗಳು, ಮೀನು ಮತ್ತು ಸ್ವಲ್ಪ ಬೇಸಾಯ. ಶಾಲೆಗಳಲ್ಲಿ ನಾರ್ವೇಜಿಯನ್ ಹೇರಿ ಹೇರಿ, ಅಜ್ಜ-ಅಜ್ಜಿಯರ ಮಾತು ಮೊಮ್ಮಕ್ಕಳಿಗೆ ಬಾರದಂತಾಯಿತು. ಯೊಯ್ಕ್ ಎಂಬ ಅವರ ಹಾಡಿಕೆಯನ್ನು ಪಾದ್ರಿಗಳು ಪಾಪದ ಕೆಲಸ ಅಂದರು. ಸಾಮಿ ಅನ್ನಿಸಿಕೊಳ್ಳಲು ನಾಚಿಕೆ ಯಾಕೆ ಅಂತ ಊರಿನ ಹುಡುಗ ಹುಡುಗಿಯರೇ 1991ರಲ್ಲಿ ಈ ಉತ್ಸವ ಶುರು ಮಾಡಿದ್ದು. ಆಮೇಲೆ ರಸ್ತೆಬದಿಯ ಬೋರ್ಡಿಗೆ ಊರಿನ ಸಾಮಿ ಹೆಸರೂ ಬಂದಾಗ ಯಾರೋ ಅದಕ್ಕೆ ಗುಂಡು ಹೊಡೆದರು. ಬೋರ್ಡಿಗೆ ಮಸಿ ಬಳಿಯುವುದನ್ನು ನಮ್ಮಲ್ಲಿ ನೋಡಿದ್ದೇನೆ, ಗುಂಡು ಹೊಸದು.

ವೇದಿಕೆ ಮೇಲೆ ಗಿಟಾರ್, ಡ್ರಮ್ಸ್, ಸಾಮಿಯಲ್ಲಿ ರ‍್ಯಾಪ್, ನಡುವೆ ಯೊಯ್ಕ್. ಸೂರ್ಯ ಮುಳುಗುವುದೇ ಇಲ್ಲ, ಬೆಟ್ಟದ ಹಿಂದೆ ಸರಿದು ಮತ್ತೆ ಈಚೆ ಬರುತ್ತಾನೆ, ಹಾಗಾಗಿ ಮಲಗಬೇಕು ಅಂತ ಯಾರಿಗೂ ಅನಿಸುವುದಿಲ್ಲ. ಸೊಳ್ಳೆಗಳಿಗೂ.

ನನಗೆ ಜಾಸ್ತಿ ಹಿಡಿಸಿದ್ದು ವೇದಿಕೆಯಲ್ಲ, ಲಾವ್ವು. ಕೋಲು ನೆಟ್ಟು ಬಟ್ಟೆ ಸುತ್ತಿದ ಗುಡಾರ, ನಡುವೆ ಬೆಂಕಿ. ಒಳನಾಡಿನ ಕೌಟೊಕೆಯ್ನೊ ಎಂಬ ಊರಿನ ಕಡೆಯಿಂದ ಬಂದ ಅಜ್ಜಿಯೊಬ್ಬರು ಕೂತಲ್ಲೇ ಯೊಯ್ಕ್ ಶುರು ಮಾಡಿದರು. ಪದಗಳೇ ಕಡಿಮೆ, ಬರೀ ಲೋ ಲಾ, ನು ನು. ಗಂಟಲಿನಿಂದ ಬರುವ ದನಿ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

"ಯಾರ ಬಗ್ಗೆ ಹಾಡಿದಿರಿ?" ಅಂದೆ. ಪಕ್ಕದ ಹುಡುಗಿ ಅಜ್ಜಿಯನ್ನು ಕೇಳಿ ಹೇಳಿದಳು.

"ಬಗ್ಗೆ ಅಲ್ಲವಂತೆ. ಅಣ್ಣನನ್ನೇ ಯೊಯ್ಕ್ ಮಾಡಿದ್ದಂತೆ."

ಅವರಲ್ಲಿ ಮನುಷ್ಯರಿಗೆ ತಮ್ಮದೇ ಯೊಯ್ಕ್ ಇರುತ್ತದೆ. ಅದನ್ನು ಹಾಡಿದರೆ ಆ ಮನುಷ್ಯ ಪಕ್ಕದಲ್ಲೇ ಇದ್ದ ಹಾಗೆ. ಅಣ್ಣ ಬೇಸಿಗೆ ಮೇವಿಗೆ ಸಾರಂಗಗಳನ್ನು ಹೊಡೆದುಕೊಂಡು ಕಡಲ ಕಡೆ ಹೋಗಿದ್ದರಂತೆ, ಫೋನ್ ಸಿಗುತ್ತಿರಲಿಲ್ಲವಂತೆ.

ಇನ್ನೊಮ್ಮೆ ಹಾಡಿ ಅಂದೆ. ಹಾಡಿದರು, ನಡುವೆಯೇ ಫಕ್ಕನೆ ನಿಲ್ಲಿಸಿದರು. ಮುಂದಿನ ಸಾಲಿಗೆ ನಾನು ಕಾಯುತ್ತಲೇ ಇದ್ದೆ. ಅಜ್ಜಿ ಆಗಲೇ ಕಾಫಿ ಬಗ್ಗಿಸುತ್ತಿದ್ದರು.